ನಾಟಕದ ಕ್ಯಾಪ್ಟನ್‌ಗೆ ಮೂರು ಸ್ಟಾರ್ ಹಾಕಿದ್ದೇ ತಪ್ಪಾಯ್ತಾ? ಭುಜಪಟ್ಟಿ ಗೊತ್ತಿರುವವರು ಹೇಳಿ

ಅರಸೀಕೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಆಗಸ್ಟ್ 15ಕ್ಕೆ ನಮ್ಮ ಯುವಕ ಸಂಘದಿಂದ ಕಾರ್ಗಿಲ್ ಯುದ್ಧದ ಮೇಲೆ ಒಂದು ಚಿಕ್ಕ ನಾಟಕ ಆಡಿದೆವು. ಕತೆ ನಾನೇ ಬರೆದದ್ದು. ಅದರಲ್ಲಿ ಬರುವ ಕ್ಯಾಪ್ಟನ್ ಕೂಡ ಕಲ್ಪನೆಯ ಪಾತ್ರ. ಕ್ಯಾಪ್ಟನ್‌ಗೆ ಮೂರು ಸ್ಟಾರ್ ಅಂತ ಗೊತ್ತಿತ್ತು. ಪೊಲೀಸರಿಗೆ ಯೂನಿಫಾರ್ಮ್ ಹೊಲಿಯುವ ಟೈಲರ್ ಒಬ್ಬರ ಹತ್ತಿರ ಬಟ್ಟೆ ಕೊಟ್ಟೆವು. ಮೆರೂನ್ ಬಣ್ಣದ ಟೋಪಿ ಮತ್ತು ಎದೆಗೆ ಹಾಕುವ 'ಬಲಿದಾನ್' ಬ್ಯಾಡ್ಜ್ ಆನ್‌ಲೈನ್‌ನಲ್ಲಿ ತರಿಸಿದೆವು. ನೋಡೋಕೆ ಬಹಳ ಚೆನ್ನಾಗಿತ್ತು.

ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ಸ್ಟೇಜ್ ಹಿಂದೆ ಬಂದರು. ಸೈನ್ಯದಲ್ಲಿ ಇದ್ದವರು. ನಮ್ಮ ಹುಡುಗನ ಭುಜದ ಮೇಲೆ ಬೆರಳಿಟ್ಟು "ಇದೇನು?" ಅಂದರು. "ಕ್ಯಾಪ್ಟನ್ ಸರ್" ಅಂದ. "ಯಾವ ಪೊಲೀಸ್ ಸ್ಟೇಷನ್ ಕ್ಯಾಪ್ಟನ್ನಪ್ಪಾ?" ಅಂದರು. ಆಮೇಲೆ ಎದೆಯ ಬ್ಯಾಡ್ಜ್ ನೋಡಿದರು. ಮುಖ ಕೆಂಪಾಯಿತು. ಒಂದು ಮಾತೂ ಆಡದೆ ಹೊರಟು ಹೋದರು.

ಗಣೇಶನ ಪೆಂಡಾಲ್‌ನಲ್ಲಿ ಇದೇ ನಾಟಕ ಮತ್ತೆ ಆಡಬೇಕು. ಸಂಘದಲ್ಲಿ ಎರಡು ಪಾರ್ಟಿ ಆಗಿದೆ. "ನಾಟಕ ತಾನೇ, ಬಿಡು" ಅನ್ನೋರು ಕೆಲವರು. "ಪೊಲೀಸ್ ಕೇಸ್ ಆಗುತ್ತೆ" ಅಂತ ಹೆದರಿಸೋರು ಕೆಲವರು. ನಾವು ಮಾಡಿದ ತಪ್ಪಾದರೂ ಏನು?

ಹಳೇ ಸುಬೇದಾರ್:
ಸ್ಟಾರ್‌ಗಳ ಕೆಳಗೆ, ಭುಜದ ತುದಿಯಲ್ಲಿ, ಕೆಂಪು-ನೀಲಿ ರಿಬ್ಬನ್ ಪಟ್ಟಿ ಇತ್ತಾ?

ಅರಸೀಕೆರೆ ಹುಡುಗ:
ಇತ್ತು ಸರ್! ನಿಮಗೆ ಹೇಗೆ ಗೊತ್ತಾಯ್ತು?

ಹಳೇ ಸುಬೇದಾರ್:
ಪೊಲೀಸ್ ಟೈಲರ್ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು. ಮೂರು ಸ್ಟಾರ್, ಕೆಳಗೆ ಕೆಂಪು-ನೀಲಿ ಪಟ್ಟಿ ಅಂದರೆ ಪೊಲೀಸ್ ಇನ್‌ಸ್ಪೆಕ್ಟರ್. ಎರಡಿದ್ದರೆ ಸಬ್ ಇನ್‌ಸ್ಪೆಕ್ಟರ್, ಒಂದಿದ್ದರೆ ಎಎಸ್‌ಐ. ನಿಮ್ಮ ಟೈಲರ್ ತನಗೆ ಗೊತ್ತಿದ್ದನ್ನ ಹೊಲಿದ. ಅವನ ತಪ್ಪಿಲ್ಲ. ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕಾರ್ಗಿಲ್ ಬೆಟ್ಟ ಹತ್ತಿದರು ಅಷ್ಟೆ.

ಸೈನ್ಯದಲ್ಲಿ ಪಟ್ಟಿಗೆ ಬೇರೆ ಅರ್ಥ. ನಮ್ಮಲ್ಲಿ ಜೆಸಿಒಗಳಿಗೆ, ಅಂದರೆ ಸಿಪಾಯಿಯಾಗಿ ಸೇರಿ ಮೇಲೆ ಬಂದವರಿಗೆ, ಸ್ಟಾರ್ ಜೊತೆ ಕೆಂಪು-ಹಳದಿ-ಕೆಂಪು ಪಟ್ಟಿ ಇರುತ್ತೆ. ನಾಯಬ್ ಸುಬೇದಾರ್‌ಗೆ ಒಂದು ಸ್ಟಾರ್, ಸುಬೇದಾರ್‌ಗೆ ಎರಡು, ಸುಬೇದಾರ್ ಮೇಜರ್‌ಗೆ ಅಶೋಕ ಸಿಂಹ. ಮೂರು ಸ್ಟಾರಿನ ಜೆಸಿಒ ಅಂತ ಇಲ್ಲವೇ ಇಲ್ಲ. ಆಫೀಸರ್‌ಗಳಿಗೆ ಪಟ್ಟಿ ಇಲ್ಲ. ಬರೀ ಎರಡು ಸ್ಟಾರ್ ಲೆಫ್ಟಿನೆಂಟ್, ಬರೀ ಮೂರು ಕ್ಯಾಪ್ಟನ್, ಬರೀ ಸಿಂಹ ಮೇಜರ್. ಸಿಂಹದ ಜೊತೆ ಒಂದು ಸ್ಟಾರ್ ಲೆಫ್ಟಿನೆಂಟ್ ಕರ್ನಲ್, ಎರಡು ಕರ್ನಲ್, ಮೂರು ಬ್ರಿಗೇಡಿಯರ್. ಅದರ ಮೇಲೆ ಕತ್ತಿ, ದಂಡ ಬರುತ್ತೆ. ಅದು ನಿಮ್ಮ ನಾಟಕಕ್ಕೆ ಬೇಡ.

ಎರಡು ಬೆರಳಷ್ಟು ಅಗಲದ ಪಟ್ಟಿ ನೋಡಿ. ನನಗೆ ಅದನ್ನು ಹಾಕಿಕೊಳ್ಳೋಕೆ 21 ವರ್ಷ ಬೇಕಾಯ್ತು. ಅದಕ್ಕೆ ಆ ಹಿರಿಯರ ಕೈ ನೇರ ಅಲ್ಲಿಗೇ ಹೋಯ್ತು.

ಮಲ್ನಾಡ್ ಮಳೆ:
ಅಯ್ಯೋ, ನಾನು ಇಷ್ಟು ದಿನ ಹವಾಲ್ದಾರ್‌ಗೂ ಸ್ಟಾರ್ ಅಂದುಕೊಂಡಿದ್ದೆ.

ಹಳೇ ಸುಬೇದಾರ್:
ಇಲ್ಲ. ಅವರಿಗೆ ಭುಜದ ಮೇಲಲ್ಲ, ತೋಳಿನ ಮೇಲೆ. ಲ್ಯಾನ್ಸ್ ನಾಯಕ್‌ಗೆ ಒಂದು, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ವಿ ಆಕಾರದ ಪಟ್ಟಿ. ನಾವು 'ಫೀತಿ' ಅಂತಿದ್ವಿ. ತೋಳಿನಿಂದ ಭುಜಕ್ಕೆ ಹತ್ತೋದೇ ದೊಡ್ಡ ಪ್ರಯಾಣ. ಎಷ್ಟೋ ಜನ ತೋಳಿನಲ್ಲೇ ನಿವೃತ್ತಿ ಆಗ್ತಾರೆ.

ಕ್ಯಾಂಪ್ ಟೈಲರ್ ಬೆಳಗಾವಿ:
ನಾನು ಬೆಳಗಾವಿ ಕ್ಯಾಂಪ್ ಕಡೆಯವನು. ಅಪ್ಪನ ಕಾಲದಿಂದ ಮಿಲಿಟರಿ ಬಟ್ಟೆ ಹೊಲಿಯೋದು. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇಲ್ಲೇ ಇದೆಯಲ್ಲ, ಗಿರಾಕಿಗಳೆಲ್ಲ ಅವರೇ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಬಟ್ಟೆ ಯಾವುದು? ಚಿಕ್ಕ ಚಿಕ್ಕ ಚೌಕದ ಡಿಜಿಟಲ್ ಡಿಸೈನಾ?

ಅರಸೀಕೆರೆ ಹುಡುಗ:
ಹೌದು ಅಣ್ಣ. ಲೇಟೆಸ್ಟ್ ಅಂತ ಹೇಳಿ ಕೊಟ್ಟರು.

ಕ್ಯಾಂಪ್ ಟೈಲರ್ ಬೆಳಗಾವಿ:
ಲೇಟೆಸ್ಟೇ. ಅದೇ ತೊಂದರೆ. ಆ ಡಿಸೈನ್ ಹೊರಗೆ ಬಂದದ್ದು 2022ರ ಜನವರಿ 15, ಸೇನಾ ದಿನದ ಪರೇಡ್‌ನಲ್ಲಿ. ನಿಮ್ಮ ನಾಟಕ 1999ರದ್ದು! ನಿಮ್ಮ ಕ್ಯಾಪ್ಟನ್ 23 ವರ್ಷ ಮುಂದಿನ ಬಟ್ಟೆ ಹಾಕಿಕೊಂಡು ಯುದ್ಧ ಮಾಡಿದ್ದಾನೆ.

ಇನ್ನೊಂದು ವಿಷಯ. ಫ್ಯಾಷನ್ ಕಲಿಸೋ ನಿಫ್ಟ್ ಸಂಸ್ಥೆ ಜೊತೆ ಸೇರಿ ಮಾಡಿದ ಆ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಣಿ ಮಾಡಿಸಿದೆ. ಹೊರಗೆ ಮಾರೋ ಹಾಗಿಲ್ಲ. ಆದರೂ ಮಾರ್ತಾರೆ. ನಮ್ಮಂಥವರ ಹತ್ತಿರ ಬಂದು "ಹೊಲಿದು ಕೊಡಿ" ಅಂತ ಹೊರಗಿನವರು ಕೇಳಿದರೆ ನಾವು ಐಡಿ ಕಾರ್ಡ್ ನೋಡದೆ ಕೈ ಹಾಕೋದಿಲ್ಲ. ಗಿರಾಕಿ ಬೇಜಾರು ಮಾಡ್ಕೊಂಡರೂ ಪರವಾಗಿಲ್ಲ.

ಖಾಕಿ ಮನೆಮಗ:
ಸುಬೇದಾರ್ ಸಾಹೇಬ್ರೆ, "ಇನ್‌ಸ್ಪೆಕ್ಟರ್ ಸಾಹೇಬರು ಕಾರ್ಗಿಲ್ ಬೆಟ್ಟ ಹತ್ತಿದರು" ಅನ್ನೋ ನಿಮ್ಮ ಮಾತು ನನಗೆ ಸ್ವಲ್ಪ ಚುಚ್ಚಿತು. ನಮ್ಮ ಅಪ್ಪ ಪಿಎಸ್‌ಐ ಆಗಿ ನಿವೃತ್ತಿ ಆದವರು. ಅವರ ಎರಡು ಸ್ಟಾರ್‌ಗೂ ಬೆವರು ಸುರಿದಿದೆ. ಮಿಲಿಟರಿಯವರು ಪೊಲೀಸ್ ಭುಜಪಟ್ಟಿ ಕಂಡರೆ ನಕಲಿ ಮಾಲು ಕಂಡ ಹಾಗೆ ಆಡ್ತಾರೆ, ಯಾಕೆ?

ಹಳೇ ಸುಬೇದಾರ್:
ಅಣಕಿಸಿದ್ದಲ್ಲಪ್ಪಾ. ತಪ್ಪಾಗಿ ಕಂಡರೆ ಕ್ಷಮಿಸು. ಆದರೆ ಜಗಳ ಇರೋದು ನಿಜ, ಮುಚ್ಚಿಡೋದು ಯಾಕೆ? ಡಿಐಜಿ ಭುಜದ ಮೇಲೆ ಸಿಂಹ ಮತ್ತು ಮೂರು ಸ್ಟಾರ್. ಬ್ರಿಗೇಡಿಯರ್ ಭುಜದ ಮೇಲೂ ಅದೇ. ಐಜಿಗೂ ಮೇಜರ್ ಜನರಲ್‌ಗೂ ಒಂದೇ, ಕತ್ತಿ-ದಂಡದ ಮೇಲೆ ಸ್ಟಾರ್. ಡಿಜಿಪಿಗೂ ಲೆಫ್ಟಿನೆಂಟ್ ಜನರಲ್‌ಗೂ ಒಂದೇ, ಕತ್ತಿ-ದಂಡದ ಮೇಲೆ ಸಿಂಹ. ಆದರೆ ಪೊಲೀಸ್‌ನಲ್ಲಿ ಆ ಜಾಗಕ್ಕೆ ಬರೋ ವಯಸ್ಸು ಬೇರೆ, ಸೈನ್ಯದಲ್ಲಿ ಬೇರೆ. ಒಂದೇ ಕಾರ್ಯಕ್ರಮದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಾಗ ಯಾರು ಯಾರಿಗೆ ಮೊದಲು ಸಲ್ಯೂಟ್ ಹೊಡೀಬೇಕು? ಕುರ್ಚಿ ಯಾರದ್ದು ಮುಂದೆ? ಇಂಥ ಕಡೆ ಹೊಗೆ ಏಳುತ್ತೆ. ಬ್ಯಾಡ್ಜ್ ಒಂದೇ ಆಗಿರೋದರಿಂದ ಬಂದ ತಕರಾರು ಇದು.

ಖಾಕಿ ಮನೆಮಗ:
ಸರಿ ಸರ್, ಒಪ್ಪಿದೆ. ಆದರೆ ಗೊತ್ತಿರುವವರಿಗೆ ಗೊಂದಲ ಇಲ್ಲ ಅಲ್ವಾ? ಭುಜದ ತುದಿಯಲ್ಲಿ ಅಕ್ಷರ ಇರುತ್ತೆ. ಐಪಿಎಸ್ ಅಂತಲೋ ಕೆಎಸ್‌ಪಿ ಅಂತಲೋ. ಸ್ಟಾರ್ ಓದೋ ಮೊದಲು ಅಕ್ಷರ ಓದಬೇಕು.

ಹಳೇ ಸುಬೇದಾರ್:
ಭೇಷ್. ಅದೇ ವಿಷಯ. ಸ್ಟಾರ್ ಹೇಳೋದು ನೀನು ಎಷ್ಟು ದೊಡ್ಡವನು ಅಂತ. ಅಕ್ಷರ ಹೇಳೋದು ನೀನು ಯಾರ ಮನೆಯವನು ಅಂತ. ನಮ್ಮಲ್ಲಿ ರೆಜಿಮೆಂಟಿನ ಹೆಸರು ಇರುತ್ತೆ, ಅದಕ್ಕೆ 'ಶೋಲ್ಡರ್ ಟೈಟಲ್' ಅಂತಾರೆ. ಸ್ಟಾರ್ ಬದಲಾಗ್ತಾ ಹೋಗುತ್ತೆ. ಟೈಟಲ್ ಬದಲಾಗೋದಿಲ್ಲ.

ಕೊಡಗಿನ ಕಾಫಿ:
ಬದಲಾಗೋದಿಲ್ಲ ಅಂತಿದ್ರಿ ಸುಬೇದಾರ್ ಸಾಹೇಬ್ರೆ. 2023ರಲ್ಲಿ ಅದೂ ಬದಲಾಯ್ತು. ಆ ವಿಷಯ ಇಲ್ಲಿ ಯಾರೂ ಎತ್ತಲಿಲ್ಲವಲ್ಲ ಅಂತ ನೋಡ್ತಿದ್ದೆ.

ಗೊತ್ತಿಲ್ಲದವರಿಗೆ: 2023ರ ಏಪ್ರಿಲ್‌ನಲ್ಲಿ ಸೇನಾ ಕಮಾಂಡರ್‌ಗಳ ಸಭೆಯಲ್ಲಿ ತೀರ್ಮಾನ ಆಯ್ತು. ಆಗಸ್ಟ್ 1ರಿಂದ ಜಾರಿ. ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನ ಎಲ್ಲರಿಗೂ ಒಂದೇ ಥರದ ಟೋಪಿ, ಒಂದೇ ಥರದ ಭುಜದ ಬ್ಯಾಡ್ಜ್, ಕಾಲರ್ ಪಟ್ಟಿ, ಬೆಲ್ಟ್, ಶೂ. ಭುಜದಿಂದ ಇಳಿಬೀಳುವ ಲ್ಯಾನ್ಯಾರ್ಡ್ ಹುರಿ ಇಲ್ಲವೇ ಇಲ್ಲ. ಕರ್ನಲ್ ಮತ್ತು ಕೆಳಗಿನವರಿಗೆ ಮೊದಲಿನ ಹಾಗೇ.

ನಮ್ಮ ಮಾವ ರೈಫಲ್ ರೆಜಿಮೆಂಟಿನವರು. ನಿವೃತ್ತಿ ಆಗಿ ಬಹಳ ವರ್ಷ ಆಯ್ತು. ರೈಫಲ್ಸ್‌ನವರ ಸ್ಟಾರ್ ಹೊಳೆಯೋದಿಲ್ಲ, ಕಪ್ಪು. ಗುಂಡಿಯೂ ಕಪ್ಪು. ಹಿಂದಿನ ಕಾಲದಲ್ಲಿ ರೈಫಲ್ ಹಿಡಿದವರು ಮರೆಯಲ್ಲಿ ಕೂತು ಗುರಿ ಇಡುವವರು. ಮೈಮೇಲೆ ಏನೂ ಮಿಂಚಬಾರದು. ಅಲ್ಲಿಂದ ಬಂದ ರೂಢಿ. ಮಾವ ಬ್ರಿಗೇಡಿಯರ್ ಆದ ಮೇಲೂ ಅದೇ ಕಪ್ಪು ಸಿಂಹ, ಕಪ್ಪು ಸ್ಟಾರ್ ಹಾಕಿದರು. ಈಗ ಅವರ ರೆಜಿಮೆಂಟಿನ ಹುಡುಗ ಬ್ರಿಗೇಡಿಯರ್ ಆದರೆ ಆ ಕಪ್ಪು ತೆಗೆದಿಟ್ಟು ಎಲ್ಲರ ಹಾಗೆ ಹಾಕಬೇಕು. ಮಾವ ಪೇಪರ್ ಓದಿ ಮಡಚಿಟ್ಟರು. "ಇಪ್ಪತ್ತೈದು ವರ್ಷ ಹೊಳೆಯದೆ ಇದ್ದವನನ್ನ ಕೊನೆಗೆ ಹೊಳೆಯೋ ಹಾಗೆ ಮಾಡಿದರು" ಅಂದರು. ಅಷ್ಟೇ ಅಂದಿದ್ದು.

ಮಲ್ನಾಡ್ ಮಳೆ:
ಅಬ್ಬಾ. ಆ ಮಾತು ಕೇಳಿ ಬೇಜಾರಾಯ್ತು ಅಕ್ಕ.

ಹಳೇ ಸುಬೇದಾರ್:
ಮೇಡಂ, ನಿಮ್ಮ ಮಾವನವರಿಗೆ ನನ್ನ ಸಲ್ಯೂಟ್ ಹೇಳಿ. ಆದರೆ ನಾನು ಈ ವಿಷಯದಲ್ಲಿ ಅವರ ಕಡೆ ಇಲ್ಲ.

ಬ್ರಿಗೇಡಿಯರ್ ಕೈಕೆಳಗೆ ಒಂದೇ ರೆಜಿಮೆಂಟಿನ ಪಲ್ಟನ್, ಅಂದರೆ ಬೆಟಾಲಿಯನ್, ಇರೋದಿಲ್ಲ. ಒಂದು ಸಿಖ್, ಒಂದು ಮದ್ರಾಸ್, ಒಂದು ಗೂರ್ಖಾ ಇರಬಹುದು. ತೋಪಿನವರು, ಇಂಜಿನಿಯರ್‌ಗಳು ಜೊತೆಗೆ. ಸಾಹೇಬರ ಭುಜದ ಮೇಲೆ ಒಂದು ಪಲ್ಟನ್ ಹೆಸರು ಕಂಡರೆ ಉಳಿದವರ ಮನಸ್ಸಿನಲ್ಲಿ ಏನಿರುತ್ತೆ? "ಇವರು ಅವರವರು" ಅಂತ. ಸಾಹೇಬರು ಎಷ್ಟೇ ನ್ಯಾಯವಾಗಿ ಇರಲಿ. ನಾನು ಜೆಸಿಒ ಆಗಿದ್ದಾಗ ರಜೆ ಚೀಟಿಯಿಂದ ಹಿಡಿದು ಕ್ರೀಡಾಕೂಟದ ಕಪ್‌ವರೆಗೆ ಈ ಪಿಸುಮಾತು ಕೇಳಿದ್ದೇನೆ. ಪಿಸುಮಾತು ಸುಳ್ಳೇ ಇರಬಹುದು. ಆದರೆ ಕೇಳಿಸುತ್ತಿತ್ತು.

ಕೊಡಗಿನ ಕಾಫಿ:
ಹಾಗಾದರೆ ಮನಸ್ಸಿನಲ್ಲಿ ಇರೋ ಪಕ್ಷಪಾತ ಭುಜದಿಂದ ಬ್ಯಾಡ್ಜ್ ತೆಗೆದರೆ ಹೋಗುತ್ತಾ? ಹೆಸರು ಕೇಳಿದರೆ ಯಾವ ರೆಜಿಮೆಂಟ್ ಅಂತ ಎಲ್ಲರಿಗೂ ಗೊತ್ತಿರುತ್ತೆ. ಸೈನ್ಯ ಅನ್ನೋದು ಅಷ್ಟು ಚಿಕ್ಕ ಊರು.

ಹಳೇ ಸುಬೇದಾರ್:
ಹೋಗೋದಿಲ್ಲ. ಆದರೆ ಮನೆಯಲ್ಲಿ ಯಜಮಾನನಾದವನು ತನ್ನ ಅಚ್ಚುಮೆಚ್ಚಿನ ಮಗನ ಹೆಸರು ಶರ್ಟಿನ ಮೇಲೆ ಬರೆಸಿಕೊಂಡು ಓಡಾಡಬಾರದು.

ಇದು ಹೊಸದೂ ಅಲ್ಲ. ಮೊದಲು ಪಲ್ಟನ್ ನಡೆಸೋರು ಲೆಫ್ಟಿನೆಂಟ್ ಕರ್ನಲ್, ಪಲ್ಟನ್ ಗುರುತೂ ಅವರವರೆಗೇ. 1980ರ ದಶಕದ ಮಧ್ಯದಲ್ಲಿ ಆ ಹುದ್ದೆ ಕರ್ನಲ್‌ಗೆ ಏರಿತು. ಪಲ್ಟನ್ ಜೊತೆ ಇರೋವರೆಗೂ ಪಲ್ಟನ್ ಗುರುತು ಬೇಕೇ ಬೇಕು. ಕರ್ನಲ್‌ವರೆಗೆ ಅದು ಹಾಗೇ ಉಳಿದಿದೆ. ಅಲ್ಲಿಂದಾಚೆ ಸಾಹೇಬರು ಇಡೀ ಸೈನ್ಯದ ಆಸ್ತಿ. ಬ್ರಿಟಿಷ್ ಸೈನ್ಯದಲ್ಲೂ ಮೇಲಿನವರಿಗೆ ಹೀಗೇ ಒಂದೇ ಥರ.

ಕೊಡಗಿನ ಕಾಫಿ:
ಬ್ರಿಟಿಷರ ಉದಾಹರಣೆ ಕೊಡ್ತೀರಲ್ಲ ಸರ್! ಅವರ ಗುರುತು ತೆಗೆಯೋಕೆ ತಾನೇ ನಾವು ಇಷ್ಟು ವರ್ಷ ಕಷ್ಟಪಟ್ಟಿದ್ದು. ನಮ್ಮ ಕಾರ್ಯಪ್ಪನವರು 1949ರ ಜನವರಿ 15ಕ್ಕೆ ಮೊದಲ ಭಾರತೀಯ ಮುಖ್ಯಸ್ಥರಾದರು. ಆ ದಿನ ಅವರ ಭುಜದ ಮೇಲೆ ಇದ್ದದ್ದು ಇಂಗ್ಲೆಂಡ್ ದೊರೆಯ ಕಿರೀಟ. ಸಿಂಹ ಬಂದದ್ದು ಗಣರಾಜ್ಯ ಆದ ಮೇಲೆ, 1950ರಲ್ಲಿ. ಸ್ಟಾರ್ ಕೂಡ ಆಗ ಬ್ರಿಟಿಷರ ಮಾದರಿಯದ್ದು, ಆಮೇಲೆ ಐದು ಮೂಲೆಯ ನಕ್ಷತ್ರ ಆಯ್ತು. ಸ್ವಾತಂತ್ರ್ಯ ಬಂದರೂ ಭುಜಕ್ಕೆ ಬರೋಕೆ ಎರಡೂವರೆ ವರ್ಷ ಹಿಡೀತು!

ಮಡಿಕೇರಿಗೆ ಬಂದರೆ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ನೋಡಿ, ಈಗ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳನ್ನು ಕರ್ಕೊಂಡು ಹೋಗಿ.

ಕಾರವಾರ ಕಡಲು:
ನೌಕಾಪಡೆಯಲ್ಲಿ ಇದೇ ಕೆಲಸ 2023ರ ಡಿಸೆಂಬರ್‌ನಲ್ಲಿ ಆಯ್ತು. ಸಿಂಧುದುರ್ಗದಲ್ಲಿ ನೌಕಾಪಡೆ ದಿನ ಮಾಡಿದಾಗ ಪ್ರಧಾನಿ ಘೋಷಣೆ ಮಾಡಿದರು. ತಿಂಗಳ ಕೊನೆಗೆ ಅಡ್ಮಿರಲ್‌ಗಳ ಹೊಸ ಭುಜಪಟ್ಟಿ ಹೊರಬಂತು. ಶಿವಾಜಿ ಮಹಾರಾಜರ ರಾಜಮುದ್ರೆಯಿಂದ ತೆಗೆದ ಎಂಟು ಮೂಲೆಯ ಆಕಾರ, ಒಂದು ಕತ್ತಿ, ಒಂದು ದುರ್ಬೀನು, ಚಿನ್ನದ ಬಣ್ಣದ ಗುಂಡಿ, ಹುದ್ದೆಗೆ ತಕ್ಕಷ್ಟು ಸ್ಟಾರ್. ಸೀಬರ್ಡ್ ನೌಕಾನೆಲೆ ಇರೋ ಊರು ನಮ್ಮದು, ಹೋಟೆಲ್‌ನಲ್ಲಿ ಅದೇ ಮಾತು ಆಗ.

ನನಗೆ ಇಷ್ಟ ಆಯ್ತು. ನಮ್ಮ ಚಿಕ್ಕಪ್ಪನಿಗೆ ಇಷ್ಟ ಆಗಲಿಲ್ಲ. ಅವರು ನೌಕಾಪಡೆಯಲ್ಲಿ ಸೇಲರ್ ಆಗಿದ್ದವರು. "ಅಡ್ಮಿರಲ್ ಭುಜ ಬದಲಾದರೆ ಹಡಗಿನ ಅಡುಗೆಮನೆ ಸೆಖೆ ಕಮ್ಮಿ ಆಗುತ್ತಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿರ್ವಾಹಕ:
ಚರ್ಚೆ ಚೆನ್ನಾಗಿದೆ. ರಾಜಕೀಯದ ಕಡೆ ವಾಲಬೇಡಿ. ಮೂರು ಕಾಮೆಂಟ್ ತೆಗೆದಿದ್ದೇನೆ. ಸೇವೆಯಲ್ಲಿ ಇರುವವರ ಫೋಟೋ, ಯೂನಿಟ್ ನಂಬರ್ ದಯವಿಟ್ಟು ಹಾಕಬೇಡಿ.

ಕ್ರಿಕೆಟ್ ಹುಚ್ಚ:
ಬಲಿದಾನ್ ಬ್ಯಾಡ್ಜ್ ವಿಷಯಕ್ಕೆ ಆ ಹಿರಿಯರು ಯಾಕೆ ಅಷ್ಟು ಸಿಟ್ಟಾದರು? ಧೋನಿ ಗ್ಲೌಸ್ ಮೇಲೆ ಹಾಕಿರಲಿಲ್ವಾ? 2019ರ ವಿಶ್ವಕಪ್, ಸೌತ್ ಆಫ್ರಿಕಾ ಮ್ಯಾಚ್. ಇಡೀ ದೇಶ ಧೋನಿ ಕಡೆ ನಿಂತಿತ್ತು.

ಹಳೇ ಸುಬೇದಾರ್:
ದೇಶ ನಿಂತಿತ್ತು. ಐಸಿಸಿ ನಿಲ್ಲಲಿಲ್ಲ. ಗ್ಲೌಸ್ ಮೇಲೆ ಅದಕ್ಕೆ ಅವಕಾಶ ಇಲ್ಲ ಅಂತ ತೆಗೆಸಿದರು. ಧೋನಿಯವರು ಮುಂದಿನ ಮ್ಯಾಚಿಗೆ ಸುಮ್ನೆ ಗ್ಲೌಸ್ ಬದಲಾಯಿಸಿದರು. ಆ ನಡತೆ ನನಗೆ ಹಿಡಿಸಿತು. ಅವರು 2011ರಿಂದ ಟೆರಿಟೋರಿಯಲ್ ಆರ್ಮಿಯ, ಅಂದರೆ ಅರೆಕಾಲಿಕ ಸೇನೆಯ, ಪ್ಯಾರಾ ಬೆಟಾಲಿಯನ್ನಿನ ಗೌರವ ಲೆಫ್ಟಿನೆಂಟ್ ಕರ್ನಲ್. ಆಗಲೂ ನಮ್ಮ ಹಳೇ ಜನರ ಗುಂಪಿನಲ್ಲಿ ಜಗಳ. ಪ್ಯಾರಾ ಬೇರೆ, ಪ್ಯಾರಾ ಸ್ಪೆಷಲ್ ಫೋರ್ಸಸ್ ಬೇರೆ ಅಂತ ಒಂದು ಕಡೆ. ಸೈನ್ಯಕ್ಕೆ ಗೌರವ ತಂದರು ಬಿಡಿ ಅಂತ ಇನ್ನೊಂದು ಕಡೆ.

ವ್ಯತ್ಯಾಸ ಹೇಳ್ತೀನಿ. ಮೆರೂನ್ ಟೋಪಿ ಇಡೀ ಪ್ಯಾರಾಶೂಟ್ ರೆಜಿಮೆಂಟಿಗೆ. ಅವರ ಟ್ರೈನಿಂಗ್ ಸೆಂಟರ್ ನಮ್ಮ ಬೆಂಗಳೂರಿನಲ್ಲೇ ಇದೆ. ಅದಕ್ಕೆ ಬೆಂಗಳೂರಲ್ಲಿ ಆ ಟೋಪಿ ಜಾಸ್ತಿ ಕಾಣೋದು. ಆದರೆ ಭುಜದ ಮೇಲೆ 'ಸ್ಪೆಷಲ್ ಫೋರ್ಸಸ್' ಅನ್ನೋ ಬಾಗಿದ ಪಟ್ಟಿ ಮತ್ತು ಎದೆಯ ಬಲಿದಾನ್, ಇವೆರಡು ಪ್ರೊಬೇಷನ್, ಅಂದರೆ ಪರೀಕ್ಷೆಯ ಅವಧಿ, ದಾಟಿದ ಕಮಾಂಡೋಗಳದ್ದು. ಆ ಪ್ರೊಬೇಷನ್‌ಗೆ ಹೋದವರಲ್ಲಿ ಮುಕ್ಕಾಲು ಪಾಲು ಜನ ವಾಪಸ್ ಬರೋದನ್ನ ನಾನು ನೋಡಿದ್ದೇನೆ. ಗಟ್ಟಿಮುಟ್ಟಾದ ಹುಡುಗರು. ಅಳುತ್ತಾ ಬಂದವರೂ ಇದ್ದಾರೆ. ಅಂಥದ್ದನ್ನ ನಮ್ಮ ಅರಸೀಕೆರೆ ಹುಡುಗರು ಕೊರಿಯರ್‌ನಲ್ಲಿ ತರಿಸಿಕೊಂಡರು. ಎಷ್ಟು ಕೊಟ್ರಪ್ಪಾ?

ಅರಸೀಕೆರೆ ಹುಡುಗ:
ನೂರ ಇಪ್ಪತ್ತು ರೂಪಾಯಿ ಸರ್. ಎರಡು ತಗೊಂಡರೆ ಡೆಲಿವರಿ ಫ್ರೀ ಇತ್ತು.

ಹಳೇ ಸುಬೇದಾರ್:
ನೋಡು ಮತ್ತೆ.

ಧಾರವಾಡ ವಕೀಲ:
"ಕೇಸ್ ಆಗುತ್ತೆ" ಅಂತ ಹೆದರಿಸುವವರಿಗೆ ಉತ್ತರ. ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್. ಸೈನಿಕ ಅಲ್ಲದವನು ಸೈನಿಕರ ಥರದ ಉಡುಪು ಅಥವಾ ಗುರುತು ಹಾಕಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲು ಐಪಿಸಿ 140ರಲ್ಲಿ ದಂಡ ಐನೂರು ರೂಪಾಯಿ ಇತ್ತು. ಆದರೆ ಇಷ್ಟೇ ಓದಿ ನಿಲ್ಲಿಸಬೇಡಿ. ಜನ ತನ್ನನ್ನು ನಿಜವಾದ ಸೈನಿಕ ಅಂತ ನಂಬಲಿ ಅನ್ನೋ ಉದ್ದೇಶ ಇರಬೇಕು. ಅದೇ ಸೆಕ್ಷನ್ನಿನ ಪ್ರಾಣ. ಸ್ಟೇಜ್ ಮೇಲೆ ಬಣ್ಣ ಹಚ್ಚಿಕೊಂಡು, ಹಿಂದೆ ಪರದೆ ಕಟ್ಟಿ, ಪಕ್ಕದಲ್ಲಿ ಹಾರ್ಮೋನಿಯಂ ಬಾರಿಸುತ್ತಾ ಇದ್ದರೆ ಯಾರು ನಂಬುತ್ತಾರೆ?

ಆದರೆ ನಿಮ್ಮ ಕ್ಯಾಪ್ಟನ್ ಅದೇ ಬಟ್ಟೆಯಲ್ಲಿ ಬೈಕ್ ಹತ್ತಿ ಟೋಲ್‌ಗೇಟ್‌ಗೆ ಹೋಗಿ "ಆರ್ಮಿ" ಅಂದರೆ ಕತೆ ಬೇರೆ. ಅಲ್ಲಿ ಉದ್ದೇಶ ಬಂತು.

ಹಳೇ ಸುಬೇದಾರ್:
2016ರ ಜನವರಿಯಲ್ಲಿ ಪಠಾಣ್‌ಕೋಟ್ ದಾಳಿ ಆಯ್ತಲ್ಲ. ಅದಾದ ಮೇಲೆ ಸೇನೆ ಎಲ್ಲರಿಗೂ ಮನವಿ ಮಾಡಿತ್ತು, ಸೈನ್ಯದ ಥರದ ಬಟ್ಟೆ ಹಾಕಬೇಡಿ, ಅಂಗಡಿಯವರು ಮಾರಬೇಡಿ ಅಂತ. ಇದು ಬರೀ ಮಾನ-ಮರ್ಯಾದೆ ಪ್ರಶ್ನೆ ಅಲ್ಲ. ಗೇಟಿನಲ್ಲಿ ನಿಂತ ಸಂತ್ರಿ ಕತ್ತಲಲ್ಲಿ ಭುಜ ನೋಡಿ ತೀರ್ಮಾನ ಮಾಡಬೇಕಾಗುತ್ತೆ.

ಟೆಕ್ಸಾಸ್ ಕನ್ನಡಿಗ:
ವಕೀಲರೇ, ನಿಮ್ಮ ಮಾತಿಗೆ ಇಲ್ಲಿಂದ ಒಂದು ಕೇಸ್. ನಾಟಕದ್ದೇ! 1967ರ ಡಿಸೆಂಬರ್, ಹ್ಯೂಸ್ಟನ್. ವಿಯೆಟ್ನಾಂ ಯುದ್ಧ ವಿರೋಧಿಸಿ ಸೇನೆ ಭರ್ತಿ ಕೇಂದ್ರದ ಮುಂದೆ ಬೀದಿ ನಾಟಕ ಆಡಿದರು. ಡೇನಿಯಲ್ ಶಾಕ್ಟ್ ಅನ್ನೋನು ಸೈನಿಕರ ಅಂಗಿ ಹಾಕಿದ್ದ. ಆರು ತಿಂಗಳ ಜೈಲು ಶಿಕ್ಷೆ ಆಯ್ತು. ಇಲ್ಲಿನ ಕಾನೂನು ನಟರಿಗೆ ಯೂನಿಫಾರ್ಮ್ ಹಾಕೋಕೆ ಬಿಡುತ್ತಿತ್ತು, ಆದರೆ ಸೈನ್ಯದ ಹೆಸರು ಕೆಡಿಸಬಾರದು ಅನ್ನೋ ಷರತ್ತು ಇತ್ತು. 1970ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನೇ ತೆಗೆದು ಹಾಕಿತು. ಹೊಗಳಿದರೆ ಬಿಡ್ತೀರಿ, ತೆಗಳಿದರೆ ಒಳಗೆ ಹಾಕ್ತೀರಿ, ಅದು ವಾಕ್ ಸ್ವಾತಂತ್ರ್ಯ ಅಲ್ಲ ಅಂತ.

ಇಲ್ಲಿ ಭುಜದ ಗುರುತಿನ ಜಗಳ ಇನ್ನೂ ಜೋರು. ನಾನಿರೋ ಊರು ಫೋರ್ಟ್ ಹುಡ್ ಹತ್ತಿರ. ನನ್ನ ಆಫೀಸಿನಲ್ಲಿ ಇಬ್ಬರು ಮಾಜಿ ಸೈನಿಕರಿದ್ದಾರೆ. ಇಲ್ಲಿನ ಸೈನ್ಯದಲ್ಲಿ ಭುಜದ ಕೆಳಗೆ ತೋಳಿನ ಮೇಲೆ ಡಿವಿಷನ್, ಅಂದರೆ ತಾವಿರೋ ದೊಡ್ಡ ತುಕಡಿಯ ಚಿತ್ರ ಇರುತ್ತೆ. ಎಡತೋಳಿನದು ಈಗ ಎಲ್ಲಿದ್ದೀಯ ಅಂತ. ಬಲತೋಳಿನದು ಯಾರ ಜೊತೆ ಯುದ್ಧಕ್ಕೆ ಹೋಗಿದ್ದೆ ಅಂತ. ಎಡ ಬದಲಾಗುತ್ತಾ ಇರುತ್ತೆ. ಬಲಕ್ಕೆ ಸಿಗಬೇಕಾದರೆ ಯುದ್ಧಭೂಮಿ ನೋಡಿರಬೇಕು. ಬಲತೋಳು ಖಾಲಿ ಇರೋ ಆಫೀಸರ್ ಬಂದರೆ ಹಳೇ ಸಾರ್ಜೆಂಟ್‌ಗಳು ಮೊದಲು ಅಲ್ಲೇ ನೋಡೋದಂತೆ. ನಮ್ಮ ಆಫೀಸಿನವರು ಹೇಳಿದ್ದು.

ಇದು ಶುರು ಆದದ್ದೇ ಜಗಳದಿಂದ. 1918ರಲ್ಲಿ 81ನೇ ಡಿವಿಷನ್ನಿನವರು ಕಾಡುಬೆಕ್ಕಿನ ಚಿತ್ರ ಹೊಲಿಸಿಕೊಂಡು ಫ್ರಾನ್ಸಿಗೆ ಬಂದರು. ಬೇರೆಯವರು "ಇವರಿಗೆ ಯಾರು ಪರ್ಮಿಷನ್ ಕೊಟ್ಟರು?" ಅಂತ ದೂರು ಹೇಳಿದರು. ಅಲ್ಲಿದ್ದ ಅಮೆರಿಕ ಸೇನೆಯ ಮುಖ್ಯಸ್ಥ ಜನರಲ್ ಪರ್ಶಿಂಗ್ ಬೆಕ್ಕು ತೆಗೆಸಲಿಲ್ಲ. ಉಳಿದ ಡಿವಿಷನ್ನಿನವರೂ ಒಂದೊಂದು ಮಾಡಿಕೊಳ್ಳಲಿ ಅಂದರು. 4ನೇ ಡಿವಿಷನ್ನಿನವರು ಐವಿ ಬಳ್ಳಿಯ ನಾಲ್ಕು ಎಲೆ ಹಾಕಿಕೊಂಡರು. ರೋಮನ್ ಅಂಕಿಯಲ್ಲಿ ನಾಲ್ಕು ಬರೆದರೆ ಐ, ವಿ ತಾನೇ!

ಮಲ್ನಾಡ್ ಮಳೆ:
ಐವಿ ಬಳ್ಳಿ, ಹಹಹ. ನಮ್ಮ ಕನ್ನಡ ಮೇಷ್ಟ್ರಿಗೆ ಇದು ಸಿಕ್ಕಿದ್ದರೆ ಶ್ಲೇಷೆಗೆ ಉದಾಹರಣೆ ಆಗ್ತಿತ್ತು.

ಟೆಕ್ಸಾಸ್ ಕನ್ನಡಿಗ:
ಇನ್ನೊಂದು ಕೇಳಿ. ಒಕ್ಲಹೋಮಾ ಕಡೆಯ 45ನೇ ಡಿವಿಷ‌ನ್ನಿಗೆ ಮೊದಲು ಇದ್ದ ಗುರುತು ಸ್ವಸ್ತಿಕ. ಕೆಂಪು ಬಟ್ಟೆಯ ಮೇಲೆ ಹಳದಿ ಸ್ವಸ್ತಿಕ. ಅಲ್ಲಿನ ಮೂಲನಿವಾಸಿಗಳ ಶುಭ ಚಿಹ್ನೆ ಅದು, ನಮ್ಮ ಮನೆ ಹೊಸ್ತಿಲ ಮೇಲೆ ಬಿಡಿಸ್ತೀವಲ್ಲ, ಹಾಗೆ. ಹಿಟ್ಲರ್ ಬಂದ. 1939ರಲ್ಲಿ ಅದನ್ನು ತೆಗೆದು ಗುಡುಗುಹಕ್ಕಿ ಚಿತ್ರ ಮಾಡಿದರು. ಬಣ್ಣ ಮಾತ್ರ ಅದೇ ಉಳಿಸಿಕೊಂಡರು. ಯಾರೋ ದೂರದವನು ಕೆಡಿಸಿದ ಚಿಹ್ನೆಗೆ ಇವರು ಬೆಲೆ ತೆತ್ತರು ನೋಡಿ.

ಹಳೇ ಸುಬೇದಾರ್:
ನಮ್ಮಲ್ಲೂ ಇಂಥ ಚಿತ್ರಗಳಿವೆ. ಫಾರ್ಮೇಷನ್ ಸೈನ್ ಅಂತಾರೆ. 4ನೇ ಡಿವಿಷನ್ನಿಗೆ ಕೆಂಪು ಹದ್ದು, 5ಕ್ಕೆ ಬೆಂಕಿ ಚೆಂಡು, 17ಕ್ಕೆ ಕರಿ ಬೆಕ್ಕು. ಎರಡನೇ ಮಹಾಯುದ್ಧದಿಂದ ಬಂದದ್ದು. ಶ್ರೀನಗರದ ಕೋರ್‌ಗೆ ಚಿನಾರ್ ಎಲೆ. ಇದು ಆ ಜಾಗದಲ್ಲಿ ಇರೋವರೆಗೆ ಮಾತ್ರ. ವರ್ಗ ಆದರೆ ಬಿಚ್ಚಿ ಕೊಡಬೇಕು. ಬಾಡಿಗೆ ಮನೆ ಇದ್ದ ಹಾಗೆ. ಪಲ್ಟನ್ ಟೈಟಲ್ ಸ್ವಂತ ಮನೆ. ನಾನು ಕರಿ ಬೆಕ್ಕನ್ನು ವಾಪಸ್ ಕೊಡಲಿಲ್ಲ, ಟ್ರಂಕ್‌ನಲ್ಲಿ ಇಟ್ಟುಕೊಂಡೆ. ಈಗ ಹೇಳಬಹುದು.

ಕೊಡಗಿನ ಕಾಫಿ:
ಸ್ವಂತ ಮನೆ ಅಂತ ನೀವೇ ಅಂದ್ರಿ. ಬ್ರಿಗೇಡಿಯರ್ ಆದವನಿಗೆ ಆ ಮನೆ ಬಿಡಿಸಿದ್ದು ಸರಿ ಅಂತಲೂ ನೀವೇ ಅಂದ್ರಿ.

ಹಳೇ ಸುಬೇದಾರ್:
ಮೇಡಂ, ಸಿಕ್ಕಿಹಾಕಿಕೊಂಡೆ. ಆದರೂ ಮಾತು ವಾಪಸ್ ತಗೊಳ್ಳೋದಿಲ್ಲ. ಮನೆ ಅವನದ್ದೇ. ಬೋರ್ಡ್ ಮಾತ್ರ ಒಳಗಿಡಬೇಕು.

ಹಾಗೆ ನೋಡಿದರೆ ನನಗೆ ನಿದ್ದೆ ಕೆಡಿಸೋದು ಬ್ರಿಗೇಡಿಯರ್ ಭುಜ ಅಲ್ಲ. ಅಗ್ನಿವೀರ್ ಹುಡುಗರದ್ದು. 2022ರಲ್ಲಿ ಯೋಜನೆ ಬಂದಾಗಲೇ ಅವರಿಗೆ ಬೇರೆ ಗುರುತು ಅಂತ ಬರೆದಿದ್ದರು. ಒಂದೇ ಬಂಕರ್, ಒಂದೇ ಲಂಗರ್ ಊಟ, ಒಂದೇ ಗುಂಡು. ಅವನ ಮೈಮೇಲೆ ಮಾತ್ರ "ನಾನು ನಾಲ್ಕು ವರ್ಷದವನು" ಅಂತ ಬರೆದಿರುತ್ತೆ. ದೊಡ್ಡವರ ಭುಜದಿಂದ ವ್ಯತ್ಯಾಸ ತೆಗೆದದ್ದು ಸರಿ. ಚಿಕ್ಕವರ ಮೇಲೆ ಯಾಕೆ ಹೊಸದಾಗಿ ಹೊಲಿಯಬೇಕು?

ಕೊಡಗಿನ ಕಾಫಿ:
ಇದಕ್ಕೆ ನಾನೂ ಸಹಿ ಹಾಕ್ತೀನಿ.

ಖಾಕಿ ಮನೆಮಗ:
ನಾನೂ.

ಅರಸೀಕೆರೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಆ ಹಿರಿಯರ ಮನೆಗೆ ಹೋಗಿದ್ದೆ. ಕ್ಷಮೆ ಕೇಳೋಣ ಅಂತ. ಒಳಗೆ ಕೂರಿಸಿ ಕಾಫಿ ಕೊಟ್ಟರು. ಬಲಿದಾನ್ ಬ್ಯಾಡ್ಜ್ ಎರಡನ್ನೂ ಅವರ ಮುಂದೆ ಇಟ್ಟೆ. ಒಂದನ್ನ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ "ಅಕ್ಷರ ಕೂಡ ಸರಿಯಾಗಿಲ್ಲ" ಅಂದರು. ಕಸದ ಬುಟ್ಟಿಗೆ ಹಾಕಲಿಲ್ಲ, ಮೇಜಿನ ಡ್ರಾಯರ್‌ಗೆ ಹಾಕಿದರು. ಯಾಕೆ ಅಂತ ಕೇಳೋ ಧೈರ್ಯ ಆಗಲಿಲ್ಲ.

ಆಮೇಲೆ ಅವರೇ ಹೇಳಿದರು. ಆಫೀಸರ್ ಆಗಿ ಪಾಸ್ ಆಗುವ ದಿನ ಹುಡುಗನ ಭುಜಕ್ಕೆ ಮೊದಲ ಸ್ಟಾರ್ ಹಾಕೋದು ಅಪ್ಪ-ಅಮ್ಮ. ಡೆಹ್ರಾಡೂನ್, ಚೆನ್ನೈ ಎರಡು ಕಡೆಯೂ ಅದೇ ಪದ್ಧತಿ. "ನಿಮ್ಮ ನಾಟಕದಲ್ಲಿ ಕ್ಯಾಪ್ಟನ್ ತಾಯಿ ಪಾತ್ರ ಇದೆಯಲ್ಲ, ಕೊನೆಗೆ ಅವಳಿಗೆ ಶವದ ಜೊತೆ ಬಾವುಟ ಕೊಟ್ಟಿದ್ದೀಯ. ಮೊದಲ ದೃಶ್ಯದಲ್ಲಿ ಅವಳ ಕೈಯಲ್ಲಿ ಸ್ಟಾರ್ ಹಾಕಿಸು" ಅಂದರು. ರಾತ್ರಿಯೇ ಕೂತು ಆ ದೃಶ್ಯ ಬರೆದೆ. ತಾಯಿ ಪಾತ್ರ ಮಾಡೋ ಅಕ್ಕ ಓದುವಾಗಲೇ ಅತ್ತರು.

ಈಗ ಉಳಿದಿರೋದು ಟೈಟಲ್. ಕಲ್ಪನೆಯ ಕ್ಯಾಪ್ಟನ್‌ಗೆ ನಿಜವಾದ ರೆಜಿಮೆಂಟ್ ಹೆಸರು ಹಾಕಲೋ ಬೇಡವೋ?

ಹಳೇ ಸುಬೇದಾರ್:
ಬೇಡ. ಖಾಲಿ ಬಿಡು. ಯಾರ ಪಲ್ಟನ್ನಿನ ಲೆಕ್ಕದಲ್ಲೂ ಇಲ್ಲದ ಸಾವನ್ನ ಅವರ ಹೆಸರಿಗೆ ಬರೀಬಾರದು. ಮೆರೂನ್ ಟೋಪಿಯೂ ಬೇಡ. ಸೀದಾ ಹಸಿರು ಬಟ್ಟೆ, ಬಟ್ಟೆಯ ಸ್ಟಾರ್. ಹಿತ್ತಾಳೆ ಸ್ಟಾರ್ ಹೊಳೆಯುತ್ತೆ, ಬೆಟ್ಟದ ಮೇಲೆ ಯಾರೂ ಹಾಕೋದಿಲ್ಲ.

ಖಾಕಿ ಮನೆಮಗ:
ಟೈಟಲ್ ಇಲ್ಲದಿದ್ದರೆ ಯಾರಾದರೂ ಯಾವ ರೆಜಿಮೆಂಟ್ ಅಂತ ಕೇಳಿದರೆ?

ಕೊಡಗಿನ ಕಾಫಿ:
ಅರಸೀಕೆರೆ ರೈಫಲ್ಸ್ ಅನ್ನಿ. ಸ್ಟಾರ್ ಮಾತ್ರ ಕಪ್ಪು ಇರಲಿ, ನಮ್ಮ ಮಾವನಿಗೋಸ್ಕರ.

ಅರಸೀಕೆರೆ ಹುಡುಗ:
ಆಯ್ತು ಅಕ್ಕ, ಕಪ್ಪೇ ಹಾಕ್ತೀವಿ. ಬೆಳಗಾವಿ ಅಣ್ಣ, ಹಸಿರು ಬಟ್ಟೆ ಮೇಲೆ ಕಪ್ಪು ದಾರದಲ್ಲಿ ಮೂರು ಸ್ಟಾರ್, ಒಂದು ಜೊತೆ, ಪಟ್ಟಿ ಇಲ್ಲದ್ದು. ನೀವು ಹೊಲಿದು ಕೊಡ್ತೀರಾ? ನಮ್ಮ ಹತ್ತಿರ ಐಡಿ ಕಾರ್ಡ್ ಇಲ್ಲ, ಸಂಘದ ರಸೀದಿ ಪುಸ್ತಕ ಇದೆ.

ಕ್ಯಾಂಪ್ ಟೈಲರ್ ಬೆಳಗಾವಿ:
ಹೊಲಿದು ಕೊಡೋದಿಲ್ಲ, ನನ್ನ ನಿಯಮ ನಿಮಗಾಗಿ ಮುರಿಯೋಲ್ಲ. ನಿಮ್ಮ ಟೈಲರ್‌ಗೇ ಫೋನ್ ಕೊಡಿಸಿ, ಸ್ಟಾರಿನ ಮೂಲೆ ಯಾವ ಕಡೆ ನೋಡಬೇಕು ಅಂತ ಹೇಳ್ತೀನಿ. ಒಂಬತ್ತು ಗಂಟೆ ಮೇಲೆ ಮಾಡಿ, ಅಂಗಡಿ ಮುಚ್ಚಿರುತ್ತೆ.